ಮೊಲ ಕೂದಲು ಬದಲಿಸುವ ಕಾಲ

ಚಳಿಗಾಲ ಕಳೆದು ಬಿಸಿಲು ಬಲಿಯುವ ದಿನಗಳಲ್ಲಿ ದಾವಣಗೆರೆಯಲ್ಲಿಯೋ ಹರಿಹರದಲ್ಲಿಯೋ ಮೊಲ ಸಾಕಿದ ಮನೆಯೊಂದನ್ನು ನೋಡಬೇಕು. ಬೆಳಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನದ ವೇಳೆಗೆ ಮತ್ತೆ ಬಿಳಿಯ ಕೂದಲು ಹಾರಾಡುತ್ತಿರುತ್ತದೆ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯ ಹಿರಿಯರಿಗೆ ಇದು ಅರಳೆಯ ನೆನಪನ್ನು ತಂದೀತು. ಮೊಲವನ್ನು ಹೊಸದಾಗಿ ತಂದ ಮಕ್ಕಳಿಗಾದರೋ ಭಯವುಂಟಾಗುತ್ತದೆ. ಮೈ ಸವರಿದೊಡನೆ ಹಿಡಿಯಷ್ಟು ಕೂದಲು ಕೈಗೆ ಬಂದರೆ ರೋಗವೆಂದು ಭಾವಿಸುವುದು ಸಹಜವೇ.

ಆದರೆ ಇದು ರೋಗವಲ್ಲ. ಸಾಕುಮೊಲದ ಮೂಲ ಯುರೋಪಿನ ಕಾಡುಮೊಲ. ನಮ್ಮ ಹೊಲಗಳಲ್ಲಿ ನೆಗೆದೋಡುವ ಮೊಲ ಬೇರೆಯೇ ಜಾತಿಯದು. ಅದನ್ನು ಹಿಡಿಯುವುದನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಯುರೋಪಿನಲ್ಲಿ ಬೇಸಗೆಯ ಹಗಲು ಬಹಳ ದೀರ್ಘ, ಚಳಿಗಾಲದ ಹಗಲು ಬಹಳ ಹ್ರಸ್ವ. ಈ ವ್ಯತ್ಯಾಸವನ್ನು ಮೊಲದ ಮಿದುಳು ಕಣ್ಣಿನ ಮೂಲಕ ಗ್ರಹಿಸುತ್ತದೆ. ಹಾರ್ಮೋನುಗಳ ಪ್ರೇರಣೆಯಿಂದ ಹಳೆಯ ಕೂದಲು ಸಡಿಲಗೊಂಡು ಹೊಸದು ಹುಟ್ಟುತ್ತದೆ. ದಾವಣಗೆರೆಯ ಸೀಮೆಯಲ್ಲಿ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಎರಡು ಗಂಟೆಯಷ್ಟೂ ಅಂತರವಿಲ್ಲ. ಆದಕಾರಣ ಇಲ್ಲಿನ ಮೊಲ ಪಂಚಾಂಗ ನೋಡಿದಂತೆ ಕೂದಲುದುರಿಸಬೇಕೆಂದು ನಿರೀಕ್ಷಿಸಲಾಗದು. ಸೆಕೆ, ಮನೆಯ ದೀಪದ ಬೆಳಕು, ವಯಸ್ಸು, ಆಹಾರ ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ.

ಸಾಮಾನ್ಯವಾಗಿ ತಲೆ, ಕತ್ತುಗಳಿಂದ ಆರಂಭವಾಗಿ ಬೆನ್ನು, ಪಕ್ಕೆಗಳಿಗೆ ಇದು ಸಾಗುತ್ತದೆ. ಉದುರಿದೆಡೆಯಲ್ಲಿ ಹೊಸ ಕೂದಲು ಕಾಣುತ್ತದೆ. ಹಾಗಲ್ಲದೆ ಚರ್ಮ ಬೋಳಾಗಿ, ಮೂಗು, ಕಿವಿಯಂಚು, ಪಾದಗಳಲ್ಲಿ ಹಕ್ಕಳೆ ಕಟ್ಟಿ ಮೊಲ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿಯಾಗಿರಬಹುದು. ಅದಕ್ಕೆ ಚಿಕಿತ್ಸೆ ಬೇಕು.

ನಿಜವಾದ ಅಪಾಯವಿರುವುದು ನೆಲಕ್ಕೆ ಬಿದ್ದ ಕೂದಲಿನಿಂದಲ್ಲ, ಹೊಟ್ಟೆ ಸೇರಿದ ಕೂದಲಿನಿಂದ. ಮೊಲ ಬೆಕ್ಕಿನಂತೆಯೇ ಮೈ ನೆಕ್ಕಿಕೊಳ್ಳುತ್ತದೆ. ಬೆಕ್ಕು ನುಂಗಿದ ಕೂದಲನ್ನು ಕಕ್ಕಬಲ್ಲದು; ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ನುಂಗಿದ್ದೆಲ್ಲ ಕರುಳಿನ ಮೂಲಕವೇ ಹೊರಬೀಳಬೇಕು. ಅದನ್ನು ಮುಂದಕ್ಕೆ ತಳ್ಳುವುದು ಹುಲ್ಲಿನ ನಾರು. ಕೂದಲುಂಡೆಯೇ ಕರುಳನ್ನು ಕಟ್ಟುತ್ತದೆಂದು ಹಿಂದೆ ನಂಬಿದ್ದರು. ಬಹುಮಟ್ಟಿಗೆ ಮೊದಲು ಕರುಳಿನ ಚಲನೆ ಕುಂಠಿತವಾಗಿ, ಅನಂತರ ಕೂದಲೂ ಆಹಾರವೂ ಒಣಗಿ ಗಟ್ಟಿಯಾಗುತ್ತವೆಂಬುದು ಈಗಿನ ತಿಳುವಳಿಕೆ. ಮಂಡಕ್ಕಿಗೆ ಪ್ರಸಿದ್ಧವಾದ ಊರಿನಲ್ಲಿ ಮೊಲಕ್ಕೂ ಪ್ರೀತಿಯಿಂದ ಒಂದು ಹಿಡಿ ಮಂಡಕ್ಕಿ ಹಾಕುವವರುಂಟು. ಅದರಲ್ಲಿ ಪಿಷ್ಟವೇ ಹೆಚ್ಚು, ನಾರು ತೀರ ಕಡಿಮೆ. ಮೆಕ್ಕೆಜೋಳದ ಕಾಳೂ ಹೀಗೆಯೇ. ಮೊಲದ ಮುಖ್ಯ ಆಹಾರ ಹುಲ್ಲು. ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳ ಬದುಗಳಲ್ಲಿ ಗರಿಕೆ ಬೆಳೆಯುತ್ತದೆ. ಆದರೆ ಬತ್ತಕ್ಕೆ ಕೀಟನಾಶಕ ಹೊಡೆದೆಡೆಯ ಹುಲ್ಲನ್ನು ತರಬಾರದು. ತಂಪಾದ ನೀರು ಸದಾ ಮುಂದಿರಬೇಕು.

ಕೂದಲುದುರುವ ದಿನಗಳಲ್ಲಿ ಮೃದುವಾದ ಬ್ರಷ್ಷಿನಿಂದ ದಿನಕ್ಕೊಮ್ಮೆ, ಕೂದಲು ಮಲಗಿರುವ ದಿಕ್ಕಿನಲ್ಲಿಯೇ ಬಾಚಬೇಕು. ಮೊಲದ ಚರ್ಮ ಬಹಳ ತೆಳು. ಗಂಟನ್ನು ಎಳೆದರೆ ಹರಿದೀತು. ಕೂದಲು ಬೇಗ ಹೋಗಲೆಂದು ಸ್ನಾನ ಮಾಡಿಸುವುದಂತೂ ಸಲ್ಲದು. ಗಾಬರಿಯಿಂದಲೇ ಮೊಲ ಸತ್ತುಹೋಗಬಹುದು.

ಬಾಚುವಷ್ಟೇ ಶ್ರದ್ಧೆಯಿಂದ ಹಿಕ್ಕೆಯನ್ನೂ ಗಮನಿಸಬೇಕು. ಅದು ಕೂದಲಿನೆಳೆಯಲ್ಲಿ ಮಣಿಗಳಂತೆ ಪೋಣಿಸಿಕೊಂಡಿದ್ದರೆ ಹುಲ್ಲನ್ನು ಹೆಚ್ಚಿಸಬೇಕೆಂದು ಅರ್ಥ. ಹಿಕ್ಕೆ ಚಿಕ್ಕದಾಗಿ, ನಿಂತೇ ಹೋಗಿ, ಮೊಲ ಅರ್ಧ ದಿನ ಮೇವು ಮುಟ್ಟದೆ ಮೂಲೆಯಲ್ಲಿ ಮುದುಡಿ ಕುಳಿತರೆ, ನಾಳೆ ನೋಡೋಣವೆಂದು ಬಿಡದೆ ಆಗಲೇ ಪಶುವೈದ್ಯರ ಬಳಿಗೆ ಒಯ್ಯಬೇಕು.