ಕಾರ್ಡು ಜೇಬಿನಲ್ಲಿದೆ, ಹೆಸರು ಪಟ್ಟಿಯಲ್ಲಿದೆಯೇ?

2018ರ ಡಿಸೆಂಬರ್ 7ರಂದು ತೆಲಂಗಾಣ ವಿಧಾನಸಭೆಗೆ ಮತದಾನ ನಡೆದಾಗ ಬ್ಯಾಡ್ಮಿಂಟನ್ ಆಟಗಾರ್ತಿ ಜ್ವಾಲಾ ಗುಟ್ಟಾ ಅವರ ಹೆಸರು ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಹೈದರಾಬಾದಿನ ಎಷ್ಟೋ ಮಂದಿ ಗುರುತಿನ ಚೀಟಿ ಹಿಡಿದು ಹೋಗಿ ಹಾಗೆಯೇ ವಾಪಸಾದರು. ದೂರುಗಳು ಹೆಚ್ಚಾದಾಗ ಅಂದಿನ ಮುಖ್ಯ ಚುನಾವಣಾಧಿಕಾರಿ ರಜತ್ ಕುಮಾರ್ ಕ್ಷಮೆ ಕೇಳಿದರು. ಆ ಕ್ಷಮೆಯಿಂದ ಯಾರ ಮತವೂ ವಾಪಸ್ ಬರಲಿಲ್ಲ.

ಹೈದರಾಬಾದಿನ ಇಸಿಐಎಲ್ ಚೌರಸ್ತೆಯ ಆಸುಪಾಸಿನ ಕುಷಾಯಿಗೂಡ ಉಪ್ಪಲ್ ವಿಧಾನಸಭಾ ಕ್ಷೇತ್ರದಲ್ಲಿದೆ, ಮಲ್ಕಾಜ್‌ಗಿರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಮತದಾರರ ಸಂಖ್ಯೆಯಲ್ಲಿ ದೇಶಕ್ಕೇ ದೊಡ್ಡದಾದ ಈ ಕ್ಷೇತ್ರದ ಒಲವು ಒಂದೇ ಪಕ್ಷದ ಕಡೆ ನಿಂತದ್ದಿಲ್ಲ. 2014ರಲ್ಲಿ ತೆಲುಗುದೇಶಂನ ಮಲ್ಲಾರೆಡ್ಡಿ, 2019ರಲ್ಲಿ ಕಾಂಗ್ರೆಸ್ಸಿನ ರೇವಂತ್ ರೆಡ್ಡಿ, 2024ರಲ್ಲಿ ಬಿಜೆಪಿಯ ಈಟಲ ರಾಜೇಂದರ್ ಗೆದ್ದರು. ಉಪ್ಪಲ್ ಕೂಡ 2014ರಲ್ಲಿ ಬಿಜೆಪಿಗೆ ಒಲಿದು, 2018ರಲ್ಲಿ ಟಿಆರ್‌ಎಸ್‌ ಕಡೆಗೆ ಹೊರಳಿತು. 2019ರಲ್ಲಿ ರೇವಂತ್ ರೆಡ್ಡಿ ಗೆದ್ದ ಅಂತರ 10,919 ಮತ. ಪಟ್ಟಿಯಲ್ಲಿ 31 ಲಕ್ಷಕ್ಕೂ ಹೆಚ್ಚು ಹೆಸರಿದ್ದವು, ಮತ ಹಾಕಿದವರು ಹೆಚ್ಚುಕಡಿಮೆ ಅರ್ಧ. 2020ರ ಡಿಸೆಂಬರಿನ ಹೈದರಾಬಾದ್ ಪಾಲಿಕೆ ಚುನಾವಣೆಯಲ್ಲಿ ಅರ್ಧವೂ ಆಗಲಿಲ್ಲ.

ನಗರದವರು ಸೋಮಾರಿಗಳು ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಮನೆ ಬದಲಿಸಿದವರ, ತೀರಿಕೊಂಡವರ, ಎರಡು ಕಡೆ ನೋಂದಾದವರ ಹೆಸರುಗಳು ಪಟ್ಟಿಯಲ್ಲಿ ಉಳಿದಷ್ಟೂ ಮತದಾನದ ಪ್ರಮಾಣ ಕುಗ್ಗಿ ಕಾಣುತ್ತದೆ. ಆ ಪಟ್ಟಿಯನ್ನು ಸರಿಪಡಿಸುವ ಅವಸರದಲ್ಲಿ ಅಲ್ಲೇ ಬದುಕುತ್ತಿರುವವರ ಹೆಸರಿಗೂ ಕತ್ತರಿ ಬೀಳುತ್ತದೆ.

ಕಾನೂನು ಇಷ್ಟೇ: ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮತ. ಕಾರ್ಡು ಗುರುತು ತೋರಿಸಲು, ಹಕ್ಕು ತೋರಿಸಲಲ್ಲ. ಕಾರ್ಡಿಲ್ಲದಿದ್ದರೂ ಹೆಸರಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್‌ನಂಥ ದಾಖಲೆ ತೋರಿಸಿ ಮತ ಹಾಕಬಹುದು. ಹೆಸರಿಲ್ಲದಿದ್ದರೆ ಹತ್ತು ಕಾರ್ಡಿದ್ದರೂ ಆಗದು.

ಬೀದರ್, ಕಲಬುರಗಿ ಕಡೆಯಿಂದ ದುಡಿಯಲು ಬಂದು ಇಲ್ಲಿ ನೆಲೆಸಿದವರು ಎಡವುವುದು ಇನ್ನೊಂದು ಕಡೆ. ಊರಲ್ಲಿ ಒಂದು ಓಟು, ಇಲ್ಲಿ ಒಂದು ಓಟು. 2024ರಲ್ಲಿ ಬೀದರ್‌ನಲ್ಲಿ ಮೇ 7ರಂದು, ಮಲ್ಕಾಜ್‌ಗಿರಿಯಲ್ಲಿ ಮೇ 13ರಂದು ಮತದಾನವಿತ್ತು. ತಾರೀಕು ಬೇರೆಯಾದ್ದರಿಂದ ಎರಡೂ ಕಡೆ ಹಾಕಿದರೆ ತಪ್ಪೇನು ಎನ್ನುವವರಿದ್ದಾರೆ. ತಪ್ಪು. ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಬಾರದು ಎನ್ನುತ್ತದೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 17ನೇ ಕಲಂ. ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ.

ಇದರಲ್ಲಿ ಹೆಚ್ಚಿನ ಪಾಪ ದಲ್ಲಾಳಿಗಳದು. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಇದ್ದ ಹೆಸರನ್ನು ಹೊಸ ವಿಳಾಸಕ್ಕೆ ತರಲು ನಮೂನೆ 8. ಜೆರಾಕ್ಸ್ ಅಂಗಡಿಯಲ್ಲಿ ಕುಳಿತು ಅರ್ಜಿ ತುಂಬುವವರು ಏನನ್ನೂ ಕೇಳದೆ ಎಲ್ಲರಿಗೂ ನಮೂನೆ 6 ತುಂಬಿ ದುಡ್ಡು ಎಣಿಸಿಕೊಳ್ಳುತ್ತಾರೆ. ಬೇರೆಲ್ಲೂ ಹೆಸರಿಲ್ಲ ಎಂಬ ಘೋಷಣೆಯ ಕೆಳಗೆ ಸಹಿ ಬೀಳುವುದು ಮಾತ್ರ ಅರ್ಜಿದಾರರದು. ಈ ಎರಡೂ ಅರ್ಜಿಗೆ ಶುಲ್ಕವಿಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೈಗೂ ಕೊಡಬಹುದು. ಅನುಮಾನವಿದ್ದರೆ 1950ಕ್ಕೆ ಕರೆ ಮಾಡಬೇಕು. ರಾಜ್ಯ ಬದಲಾದರೂ ನಮೂನೆ 8 ಸಾಕು. ಹಾಗೆ ಮಾಡಿದರೆ ಊರಿನ ಪಂಚಾಯಿತಿಯ ಮತ ಹೋಗುವುದು ನಿಜ. ಪಹಣಿ ಎಲ್ಲಿಗೂ ಹೋಗುವುದಿಲ್ಲ, ಜಮೀನಿಗೂ ಮತದಾರರ ಪಟ್ಟಿಗೂ ನಂಟಿಲ್ಲ.

ಬಾಡಿಗೆದಾರರಿಗೆ ಇನ್ನೊಂದು ಭಯ: ಮನೆ ಮಾಲೀಕರು ಒಪ್ಪಬೇಕಲ್ಲ? ಬೇಕಿಲ್ಲ. ಆ ವಿಳಾಸದಲ್ಲಿ ಸಾಮಾನ್ಯವಾಗಿ ವಾಸವಿದ್ದರೆ ಸಾಕು. ಬ್ಯಾಂಕ್ ಪಾಸ್‌ಬುಕ್ ಆಗುತ್ತದೆ, ನೋಂದಾಯಿತ ಬಾಡಿಗೆ ಕರಾರೂ ಆಗುತ್ತದೆ. ಯಾವುದೂ ಇಲ್ಲದಿದ್ದರೆ ಸ್ಥಳಕ್ಕೆ ಬಂದು ಪರಿಶೀಲಿಸುವುದು ಅಧಿಕಾರಿಯ ಕೆಲಸ. ದಾಖಲೆ ತನ್ನಿ ಎಂದು ಕೌಂಟರಿನಿಂದಲೇ ಓಡಿಸುವವರಿಗೆ ಇದು ಗೊತ್ತಿಲ್ಲವೆಂದಲ್ಲ, ಬಿಸಿಲಲ್ಲಿ ಓಣಿ ಓಣಿ ತಿರುಗಲು ಮನಸ್ಸಿಲ್ಲ. ಆಧಾರ್ ಸಂಖ್ಯೆ ಕೊಡದಿದ್ದರೆ ಅರ್ಜಿಯೇ ನಡೆಯದು ಎಂಬುದೂ ಸುಳ್ಳು. ತೆಲಂಗಾಣದ ಕಾಂಗ್ರೆಸ್ ಮುಖಂಡ ಜಿ. ನಿರಂಜನ್ ಹೂಡಿದ ಪ್ರಕರಣದಲ್ಲಿ, ಅದು ಕಡ್ಡಾಯವಲ್ಲವೆಂದು ಆಯೋಗವೇ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ.

ಅರ್ಜಿ ಹಾಕಿದ ಮೇಲೆ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಚುನಾವಣೆ ಘೋಷಣೆಯಾಗಲಿ ಎಂದು ಕಾದವರು ಕೆಟ್ಟರು, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಪಟ್ಟಿಯನ್ನು ಮುಟ್ಟುವಂತಿಲ್ಲ.

ಸೇರಿದ ಹೆಸರು ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಹೆಸರು ತೆಗೆಯಲು ಇರುವುದು ನಮೂನೆ 7. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು ಇಂಥ 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯೆಂದು ಕಂಡವು 24. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಕರ ಹೆಸರೇ ಅಳಿಸುವ ಯಾದಿಯಲ್ಲಿರುವುದನ್ನು ಕಂಡು, ಅರ್ಜಿ ಹಾಕಿದ್ದರೆನ್ನಲಾದ ನೆರೆಯವರನ್ನು ಕೇಳಿದರು. ಅವರಿಗೆ ಆ ಸಂಗತಿಯೇ ತಿಳಿದಿರಲಿಲ್ಲ. ಅಲ್ಲಿ ಕಣ್ಣಿಟ್ಟವರು ಇದ್ದದ್ದರಿಂದ ಹೆಸರುಗಳು ಉಳಿದವು, ಪೊಲೀಸ್ ಪ್ರಕರಣವೂ ದಾಖಲಾಯಿತು.

ನೋಟಿಸ್ ಕೊಡದೆ, ಮಾತು ಕೇಳದೆ ಹೆಸರು ತೆಗೆಯುವಂತಿಲ್ಲ. ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಅಳಿಸುವ ಮುನ್ನ ನ್ಯಾಯಯುತ ವಿಚಾರಣೆ ಬೇಕೆಂದಿದೆ. ಆದರೆ ಆ ನೋಟಿಸ್ ಹೋಗುವುದು ಪಟ್ಟಿಯಲ್ಲಿರುವ ಹಳೆಯ ವಿಳಾಸಕ್ಕೆ. ಮನೆ ಬದಲಿಸಿ ಸುಮ್ಮನಿದ್ದವರಿಗೆ ಅದು ಸಿಗುವುದೇ ಇಲ್ಲ. ಆದೇಶ ಕೈಗೆ ಬಂದರೆ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ ಮೂವತ್ತು ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನ ಉತ್ತರವನ್ನು ಒಪ್ಪಿಕೊಂಡು ಬಂದರೆ ಮೇಲ್ಮನವಿಗೆ ಜೋಡಿಸಲು ಕಾಗದವೇ ಇರುವುದಿಲ್ಲ.

ಬೂತಿನಲ್ಲಿ ಹೆಸರಿದ್ದು, ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೆ ವಾಪಸಾಗಬೇಕಿಲ್ಲ. ಗುರುತು ಸಾಬೀತುಪಡಿಸಿ, ಚುನಾವಣಾ ನಡವಳಿ ನಿಯಮ 49ಪಿ ಪ್ರಕಾರ ಮತಪತ್ರ ಕೇಳಬೇಕು. ಅಂಥ ನಿಯಮವಿಲ್ಲ ಎಂದರೆ ನಿಯಮದ ಸಂಖ್ಯೆ ಹೇಳಬೇಕು. ಆ ಮತ ಯಂತ್ರಕ್ಕೆ ಹೋಗದೆ ಲಕೋಟೆಯೊಳಗೆ ಇರುತ್ತದೆ, ಮಾಮೂಲಿ ಎಣಿಕೆಗೆ ಬರುವುದಿಲ್ಲ. ಫಲಿತಾಂಶ ಕೋರ್ಟಿನ ಮೆಟ್ಟಿಲೇರಿದರೆ ಮಾತ್ರ ಆ ಲಕೋಟೆ ಲೆಕ್ಕಕ್ಕೆ ಬರುತ್ತದೆ.