ತಿಪ್ಪೆಯಿಂದ ಸುಳಿಯವರೆಗೆ: ಸಾವಯವ ತೆಂಗಿನ ತೋಟದಲ್ಲಿ ಹುಳುಗಳ ಹತೋಟಿ

ಹಳೇಬೀಡಿನಿಂದ ಜಾವಗಲ್ ದಾಟಿ ಅರಸೀಕೆರೆ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ತೆಂಗು ಹೆಚ್ಚುತ್ತದೆ. ಈ ಭಾಗದಲ್ಲಿ ಸಾವಯವಕ್ಕೆ ಬರಬೇಕೆನ್ನುವ ರೈತರು ಮೊದಲು ಕೇಳುವುದು, ಔಷಧಿ ಹೊಡೆಯದೆ ಹುಳು ನಿಲ್ಲುತ್ತದೆಯೇ ಎಂದು. ನಿಲ್ಲುತ್ತದೆ. ಆದರೆ ಹುಳು ಮರ ಸೇರಿದ ಮೇಲೆ ಓಡಾಡಿದರೆ ಆಗದು, ಅದು ಹುಟ್ಟುವ ಜಾಗದಲ್ಲೇ ಕೆಲಸ ಶುರುವಾಗಬೇಕು.

ಬಿಚ್ಚಿಕೊಂಡ ಹೊಸ ಗರಿ ಕತ್ತರಿ ಆಡಿಸಿದ ಹಾಗೆ ಮೂಲೆ ಮೂಲೆಯಾಗಿ ತುಂಡಾಗಿದ್ದರೆ ಅದು ರೈನೋ ದುಂಬಿಯ ಗುರುತು. ತಲೆಯ ಮೇಲೆ ಕೊಂಬಿರುವ ಈ ಕಪ್ಪು ದುಂಬಿ ರಾತ್ರಿ ಹಾರಿ ಬಂದು, ಇನ್ನೂ ಬಿಚ್ಚದ ಸುಳಿಯನ್ನು ಕೊರೆಯುತ್ತದೆ. ಹೊಂಬಾಳೆಯನ್ನೂ ಬಿಡುವುದಿಲ್ಲ. ಆದರೆ ಮೊಟ್ಟೆ ಇಡುವುದು ತಿಪ್ಪೆಯಲ್ಲಿ, ಕೊಳೆಯುತ್ತಿರುವ ತೆಂಗಿನ ಬೊಡ್ಡೆಯಲ್ಲಿ, ಬದುವಿನ ಪಕ್ಕ ವರ್ಷಗಟ್ಟಲೆ ಬಿದ್ದಿರುವ ಕಸದ ರಾಶಿಯಲ್ಲಿ. ಅದರ ಗೊಣ್ಣೆ ಹುಳು ಮೂರು ನಾಲ್ಕು ತಿಂಗಳು ಅಲ್ಲೇ ಮೇಯ್ದು ಬೆಳೆಯುತ್ತದೆ. ಸಾವಯವ ತೋಟದಲ್ಲಿ ಗೊಬ್ಬರದ ಬಳಕೆ ಹೆಚ್ಚು, ಆದ್ದರಿಂದ ದುಂಬಿ ಹೆಚ್ಚುವ ಅಪಾಯವೂ ಹೆಚ್ಚು. ಸಾವಯವಕ್ಕೆ ಬನ್ನಿ ಎಂದು ಕರೆಯುವವರು ಈ ಮಾತನ್ನು ಮೊದಲೇ ಹೇಳಬೇಕು.

ಹಾಗೆಂದು ತಿಪ್ಪೆ ಬಿಡಬೇಕಿಲ್ಲ. ಎರಡು ತಿಂಗಳಿಗೊಮ್ಮೆ ಗುದ್ದಲಿ ಹಾಕಿ ಮೇಲೆ ಕೆಳಗೆ ಮಾಡಿ. ಸುರುಟಿಕೊಂಡ ಬಿಳಿ ಗೊಣ್ಣೆಗಳು ಹೊರಬಿದ್ದರೆ ಕೋಳಿ, ಕಾಗೆ, ಗೊರವಂಕಗಳು ಆರಿಸಿಕೊಳ್ಳುತ್ತವೆ. ಇನ್ನೂ ಗಟ್ಟಿಯಾದ ಉಪಾಯ ಮೆಟರೈಜಿಯಂ ಎಂಬ ಶಿಲೀಂಧ್ರ. ಪುಡಿಯನ್ನು ನೀರಿನಲ್ಲಿ ಕದಡಿ, ತಿಪ್ಪೆಯ ಪದರ ಪದರಕ್ಕೂ ಸಿಗುವಂತೆ ಚಿಮುಕಿಸಬೇಕು. ಸೋಂಕು ತಗುಲಿದ ಗೊಣ್ಣೆ ಮೆತ್ತಗೆ ಕೊಳೆಯುವುದಿಲ್ಲ, ಬಿರುಸಾಗುತ್ತದೆ. ಮೈಮೇಲೆ ಮೊದಲು ಬಿಳಿ ಬೂಷ್ಟು, ಆಮೇಲೆ ಹಸಿರು ಪುಡಿ ಕಾಣಿಸುತ್ತದೆ. ಅಂಥ ಹುಳುವನ್ನು ತೆಗೆದು ಎಸೆಯಬೇಡಿ, ಅದೇ ಮುಂದಿನ ಗೊಣ್ಣೆಗಳಿಗೆ ಸೋಂಕು ಹರಡುತ್ತದೆ. ಶಿಲೀಂಧ್ರಕ್ಕೆ ತೇವ ಬೇಕು, ಬಿಸಿಲು ಆಗದು. ಆದ್ದರಿಂದ ಮುಂಗಾರು ಹಿಡಿದ ಮೇಲೆ ಸಂಜೆ ಹೊತ್ತು ಹಾಕಿ ಮೇಲೆ ಸೋಗೆ ಮುಚ್ಚಿ. ಬೇಸಿಗೆಯ ಒಣ ತಿಪ್ಪೆಗೆ ಸುರಿದರೆ ಹಣ ಮಣ್ಣುಪಾಲು.

ಮರದ ಮೇಲೆ ಮಾಡುವ ಕೆಲಸ ಎರಡೇ. ಸುಳಿಯ ಹತ್ತಿರದ ಮೂರು ಗರಿಗಳ ಕಂಕುಳಿಗೆ ಮರವೊಂದಕ್ಕೆ 250 ಗ್ರಾಂ ಬೇವಿನ ಹಿಂಡಿ ಪುಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರೆಸಿ ತುಂಬುವುದು ಮೊದಲನೆಯದು. ವರ್ಷಕ್ಕೆ ಮೂರು ಸಲ ತುಂಬಬೇಕು. ರಂಧ್ರದಲ್ಲಿ ಹಸಿ ನಾರಿನ ಪುಡಿ ಕಂಡರೆ, ತುದಿ ಬಗ್ಗಿಸಿದ ಕಬ್ಬಿಣದ ಕಂಬಿ ತೂರಿಸಿ ದುಂಬಿಯನ್ನು ಎಳೆದು ಕೊಲ್ಲುವುದು ಇನ್ನೊಂದು. ಐದಾರು ವರ್ಷದೊಳಗಿನ ಗಿಡಗಳಲ್ಲಿ ಇದಕ್ಕೆ ಯಾವ ಯಂತ್ರವೂ ಬೇಡ, ನೆಲದ ಮೇಲೆ ನಿಂತೇ ಮಾಡಬಹುದು.

ದುಂಬಿ ಕೊರೆದ ಗಾಯವನ್ನು ಹಾಗೇ ಬಿಟ್ಟರೆ ಅದರ ಹಿಂದೆಯೇ ಕೆಂಪು ಮೂತಿ ಹುಳು ಬರುತ್ತದೆ. ಇದು ಮರವನ್ನೇ ಕೊಲ್ಲುವ ಹುಳು. ಕಾಂಡದಿಂದ ಕಂದು ರಸ ಸೋರುವುದು, ಜಗಿದ ನಾರು ಹೊರಬರುವುದು, ಕಾಂಡಕ್ಕೆ ಕಿವಿಯಿಟ್ಟರೆ ಒಳಗೆ ಕರಕರ ಸದ್ದು ಕೇಳುವುದು ಇದರ ಲಕ್ಷಣ. ಸುಳಿ ಬಾಗಿದ ಮರ ಉಳಿಯುವುದು ಕಷ್ಟ. ಕಡಿದು, ಸೀಳಿ, ಸುಟ್ಟುಬಿಡಿ. ಈ ಹುಳುವಿಗೆ ದಾರಿ ತೋರುವವರು ಬಹಳ ಸಲ ನಾವೇ. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಮಚ್ಚಿನಿಂದ ಮೆಟ್ಟಿಲು ಕಡಿಯುವುದು, ಟ್ರ್ಯಾಕ್ಟರ್ ಕುಳ ಬುಡಕ್ಕೆ ತಾಗಿಸುವುದು, ಹಸಿ ಗರಿಯನ್ನು ಕಾಂಡಕ್ಕೆ ಅಂಟಿದಂತೆ ಕತ್ತರಿಸುವುದು ನಿಲ್ಲಬೇಕು. ಹಸಿ ಗರಿ ತೆಗೆಯಲೇಬೇಕಾದರೆ ಮೂರಡಿ ದಂಟು ಬಿಟ್ಟು ಕತ್ತರಿಸಿ.

ಮೆಟ್ಟಿಲಿಲ್ಲದೆ ಹತ್ತಲು ಮರ ಹತ್ತುವ ಯಂತ್ರವಿದೆ. ಕೇರಳದ ಚೆಂಬೇರಿ ಮಾದರಿಯಲ್ಲಿ ಎರಡು ಭಾಗಗಳಿದ್ದು, ಉಕ್ಕಿನ ಹಗ್ಗ ಕಾಂಡವನ್ನು ಸುತ್ತಿ ಹಿಡಿಯುತ್ತದೆ. ಪಾದ ಇಟ್ಟು ಒಂದೊಂದನ್ನೇ ಎತ್ತುತ್ತ ನಿಂತಂತೆಯೇ ಮೇಲೇರಬಹುದು. ನೆಟ್ಟಗಿರುವ ಮರಕ್ಕೆ ಇದು ಒಳ್ಳೆಯದು. ತೀರಾ ಬಾಗಿದ ಮರಕ್ಕೂ ಮಳೆಯಲ್ಲಿ ನೆನೆದ ಕಾಂಡಕ್ಕೂ ಬೇಡ. ಸೊಂಟಕ್ಕೆ ಸುರಕ್ಷತಾ ಬೆಲ್ಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ.

ಮೋಹಕ ಬಲೆಯ ಬಗ್ಗೆ ಒಂದು ಎಚ್ಚರಿಕೆ. ಕೆಂಪು ಮೂತಿ ಹುಳುವಿಗೆ ಐದು ಲೀಟರಿನ ಪ್ಲಾಸ್ಟಿಕ್ ಬಕೆಟ್ ಸಾಕು. ಅಂಚಿನ ಕೆಳಗೆ ನಾಲ್ಕು ತೂತು ಮಾಡಿ, ಹುಳು ಹಿಡಿದು ಹತ್ತಲು ಹೊರಗೆ ಗೋಣಿಚೀಲ ಸುತ್ತಿ, ಮುಚ್ಚಳದ ಒಳಗೆ ವಾಸನೆಯಿಂದ ಹುಳುವನ್ನು ಸೆಳೆಯುವ ಲೂರ್ ನೇತುಹಾಕಿ, ತಳದಲ್ಲಿ ನೀರು ಮತ್ತು ಜಜ್ಜಿದ ಕಬ್ಬು ಅಥವಾ ಬಾಳೆಹಣ್ಣು ಇಡಿ. ವಾರಕ್ಕೊಮ್ಮೆ ಹುಳು ತೆಗೆದು, ನೀರು, ಹಣ್ಣು ಬದಲಿಸಬೇಕು. ಆದರೆ ಬಲೆಯನ್ನು ತೆಂಗಿನ ಮರಕ್ಕೇ ಕಟ್ಟಬಾರದು, ಎಳೆ ಗಿಡಗಳ ನಡುವೆಯೂ ಇಡಬಾರದು. ವಾಸನೆಗೆ ಬಂದ ಹುಳುಗಳೆಲ್ಲ ಬಕೆಟ್ಟಿಗೇ ಬೀಳುವುದಿಲ್ಲ, ಕೆಲವು ಪಕ್ಕದ ಮರಕ್ಕೆ ಹೋಗುತ್ತವೆ. ಒಬ್ಬರ ತೋಟದಲ್ಲಿ ಒಂದೇ ಬಲೆ ಇಟ್ಟರೆ ಊರ ಹುಳುವನ್ನೆಲ್ಲ ಕರೆದಂತೆ. ಅಕ್ಕಪಕ್ಕದ ನಾಲ್ಕೈದು ತೋಟದವರು ಮಾತಾಡಿಕೊಂಡು ಬದುಗಳಲ್ಲಿ, ಬೇರೆ ಜಾತಿಯ ಮರದ ನೆರಳಿನಲ್ಲಿ ಇಡಬೇಕು.

ಎಳೆಗಾಯಿಗಳನ್ನು ಕಾಡುವ ನುಸಿಗೆ ಬೇವಿನೆಣ್ಣೆ ಮತ್ತು ಬೆಳ್ಳುಳ್ಳಿ. ಲೀಟರ್ ನೀರಿಗೆ 20 ಮಿಲಿ ಎಣ್ಣೆ, 20 ಗ್ರಾಂ ಅರೆದ ಬೆಳ್ಳುಳ್ಳಿಯ ರಸ, 5 ಗ್ರಾಂ ಸೋಪು ಬೆರೆಸಿ, ರಾಕರ್ ಸ್ಪ್ರೇಯರ್‌ನಿಂದ ಎಳೆಗಾಯಿಗಳ ತೊಟ್ಟಿನ ಸುತ್ತ ಸಣ್ಣ ಹನಿಯಾಗಿ ಬೀಳುವಂತೆ ಸಿಂಪಡಿಸಿ. 2016ರಲ್ಲಿ ಪೊಳ್ಳಾಚಿ ಭಾಗದಲ್ಲಿ ಕಂಡು ಕರ್ನಾಟಕಕ್ಕೂ ಹರಡಿದ ಸುರುಳಿ ಬಿಳಿನೊಣಕ್ಕೆ ಮಾತ್ರ ಕೈ ತಡೆಹಿಡಿಯಿರಿ. ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜ ಅದನ್ನು ತಾನಾಗಿಯೇ ಹತೋಟಿಗೆ ತರುತ್ತದೆ, ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಆ ಕಣಜ.

ಒಣ ಭಾಗದ ತೋಟಗಳಿಗೆ ಬೇಸಿಗೆಯಲ್ಲಿ ದೊಡ್ಡ ಕಾಟ ಕಪ್ಪುತಲೆ ಹುಳುವಿನದು. ಕೆಳಗರಿಗಳಿಂದ ಶುರುವಾಗಿ ಮರವೇ ಬೆಂಕಿ ತಗುಲಿದ ಹಾಗೆ ಒಣಗುತ್ತದೆ. ಗರಿಯ ಅಡಿಯಲ್ಲಿ ಹಿಕ್ಕೆ ಮತ್ತು ನೂಲಿನ ಕೊಳವೆ ಕಟ್ಟಿಕೊಂಡು ಹುಳು ಹಸಿರನ್ನು ಕೆರೆದು ತಿನ್ನುತ್ತದೆ. ಹೆಚ್ಚು ಒಣಗಿದ ಎರಡು ಮೂರು ಕೆಳಗರಿಗಳನ್ನು ಕತ್ತರಿಸಿ ಸುಟ್ಟ ಮೇಲೆ ಗೋನಿಯೋಜಸ್ ಪರೋಪಜೀವಿ ಬಿಡಬೇಕು. ಇರುವೆಯಷ್ಟೇ ಕಾಣುವ ಈ ಕಪ್ಪು ಕಣಜದ ಹೆಣ್ಣು, ಕಪ್ಪುತಲೆ ಹುಳುವನ್ನು ಕುಟುಕಿ ಮರಗಟ್ಟಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳು ಬೆಳೆಯುವವರೆಗೆ ಪಕ್ಕದಲ್ಲೇ ಕಾದು ಕೂರುತ್ತದೆ. ಬಿಡುವ ಮೊದಲು ನಾಲ್ಕಾರು ಗರಿ ಕಿತ್ತು ಕೊಳವೆ ಬಿಡಿಸಿ ನೋಡಿ. ಬಲಿತ ಹುಳುಗಳಿದ್ದರೆ ಅದೇ ಸಮಯ. ಬರೀ ಕೋಶಗಳಿದ್ದರೆ ಗೋನಿಯೋಜಸ್ ಬಿಟ್ಟು ಫಲವಿಲ್ಲ, ಮುಂದಿನ ಪೀಳಿಗೆಗೆ ಕಾಯಬೇಕು. ಮರಕ್ಕೆ ಇಪ್ಪತ್ತರಂತೆ, ಸಂಜೆ ತಂಪಿನಲ್ಲಿ ಬಿಡಿ. ಹಿಂದೆ ಮುಂದೆ ಮೂರು ವಾರ ಯಾವ ಕೀಟನಾಶಕವೂ ಬೇಡ. ಹುಳುವಿನ ಒಂದು ಸುತ್ತು ಸುಮಾರು ಎರಡು ತಿಂಗಳು, ಒಂದೇ ಸಲ ಬಿಟ್ಟು ಕೈತೊಳೆದುಕೊಂಡರೆ ಸಾಲದು.

ಪರೋಪಜೀವಿಗಳನ್ನು ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಾರೆ. ಅರಸೀಕೆರೆಯ ತೋಟಗಾರಿಕೆ ಸಂಶೋಧನೆ ಮತ್ತು ವಿಸ್ತರಣಾ ಕೇಂದ್ರ, ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಸಲಹೆ ಕೇಳಬಹುದು. ಗರಿ ಒಣಗಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ನಿಂತರೆ ಕಣಜ ಸಾಲುವುದಿಲ್ಲ. ಸಂಕ್ರಾಂತಿಗೆ ಮೊದಲೇ ಕೆಳಗರಿ ತಿರುಗಿಸಿ ನೋಡಿ, ಹುಳು ಕಂಡ ತೋಟಗಳ ಮರಗಳನ್ನು ಲೆಕ್ಕ ಹಾಕಿ, ಅಕ್ಕಪಕ್ಕದವರೆಲ್ಲ ಸೇರಿ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಒಂದೇ ಅರ್ಜಿ ಕೊಡಿ.