ದುಡುಕುವ ಆಟಗಾರನೂ ಸೂತ್ರಧಾರನೂ

ನಾಲ್ವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲಿಯೇ ಸಾಹಸದ ಕಥೆ ನಡೆಸುವ ಆಟವೊಂದುಂಟು. ಐದನೆಯವನಿಗೆ ಗೇಮ್ ಮಾಸ್ಟರ್ ಎಂದು ಹೆಸರು, ನಾವು ಸೂತ್ರಧಾರನೆನ್ನುತ್ತಿದ್ದೆವು. ಊರು, ಕೋಟೆ, ಶತ್ರುಗಳನ್ನು ಬಣ್ಣಿಸುವವನು ಅವನೇ. ಆಟಗಾರನ ಸಾಹಸ ಫಲಿಸಿತೇ ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುವವನೂ ಅವನೇ. ವಿದ್ಯಾರ್ಥಿನಿಲಯದಲ್ಲಿ ಎರಡು ವರ್ಷ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಈ ಆಟದ ಹುಟ್ಟಿನಲ್ಲೇ ದುಡುಕಿನ ಪಾಲುಂಟೆಂದರೆ ವಾಚಕರು ನಗಬಹುದು. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು, ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರನ್ನಿಟ್ಟುಕೊಂಡು ನೆಪೋಲಿಯನ್ನನ ಕಾಲದ ಯುದ್ಧದಾಟ ಹೂಡಿದರು. ಆಟಗಾರರು ಅವರೆಣಿಸಿದಂತೆ ನಡೆಯಲಿಲ್ಲ. ಇಬ್ಬರಂತೂ ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವಿರಲಿಲ್ಲ. ವೆಸ್ಲಿ ಅಲ್ಲೇ ಒಂದು ತೀರ್ಮಾನ ಕಟ್ಟಿಕೊಟ್ಟರು. ಆಟ ಕೆಟ್ಟಿತೆಂದು ಅವರು ಬಗೆದರೆ, ಆಟಗಾರರು ಇಂಥದೇ ಇನ್ನೊಂದು ಬೇಕೆಂದರು. ಆ ಗುಂಪಿನ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸರೊಡನೆ ಸೇರಿ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯಿತು.

ವೆಸ್ಲಿಯವರ ತಾಳ್ಮೆ ನನ್ನಲ್ಲಿರಲಿಲ್ಲ. ಒಂದು ರಾತ್ರಿ, ಕಳ್ಳನ ಪಾತ್ರದ ಗೆಳೆಯ ತುಂಬಿದ ಆಸ್ಥಾನದಲ್ಲಿ, "ರಾಜನ ಕಿರೀಟ ಕಸಿದುಕೊಂಡು ಓಡುತ್ತೇನೆ" ಎಂದ. ಮೂರು ರಾತ್ರಿ ನಿದ್ದೆಗೆಟ್ಟು ಹೆಣೆದ ಕಥೆ ಹಾಳಾಯಿತೆಂದು ಸಿಟ್ಟು ಬಂತು. ದಾಳವನ್ನೂ ಮುಟ್ಟದೆ, "ಬಿಲ್ಲುಗಾರರು ನಿನ್ನನ್ನು ಕೊಂದರು" ಎಂದುಬಿಟ್ಟೆ. ಅವನು ಎದ್ದು ಹೋದ. ತಿಂಗಳು ಕಾಲ ಆಟಕ್ಕೂ ಇಲ್ಲ, ಮಾತೂ ಇಲ್ಲ.

ಕೊನೆಗೆ ನಾನೇ ಹೋಗಿ ಕೇಳಿದಾಗ, "ಬಿಲ್ಲುಗಾರರು ಇದ್ದಾರೆ ಅಂತ ನೀನು ಹೇಳಲೇ ಇಲ್ಲವಲ್ಲೋ!" ಎಂದ. ನಿಜ; ಹನ್ನೆರಡು ಬಿಲ್ಲುಗಾರರೂ ನನ್ನ ನೋಟ್‌ಬುಕ್ಕಿನಲ್ಲಿಯೇ ನಿಂತಿದ್ದರು.

ಅಂದಿನಿಂದ ದಾಳಕ್ಕೆ ಮುಂಚೆ, ಆ ಪಾತ್ರದ ಕಣ್ಣಿಗೆ ಬೀಳುವ ಅಪಾಯವನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಇದರಿಂದ ನಿನಗೇನಾಗಬೇಕು ಎಂದೂ ಕೇಳುತ್ತೇನೆ. ಉಳಿದವರಿಗೆ ಅವನನ್ನು ತಡೆಯಲು ಒಂದು ಅವಕಾಶ ಸಲ್ಲಬೇಕು, ಏಕೆಂದರೆ ಪೆಟ್ಟು ಅವರಿಗೂ ತಾಗುತ್ತದೆ. ಆಮೇಲೂ ಹಟ ಹಿಡಿದರೆ ದಾಳ ಎಲ್ಲರೆದುರು ಉರುಳಲಿ. ಕನಿಕರದಿಂದ ಮುಚ್ಚಿಟ್ಟು ಸುಳ್ಳು ಹೇಳುವುದು ನನಗೊಪ್ಪಿಗೆಯಿಲ್ಲ. ಸೋಲೆಂದರೆ ಸಾವೇ ಆಗಬೇಕಿಲ್ಲ: ಸೆರೆಮನೆಯೂ ಒಳ್ಳೆಯ ಕಥೆಯೇ. ಎಷ್ಟೋ ಸಲ ದುಡುಕಿಗೆ ಕಾರಣ ಬೇಸರ, ಬೇಸರಕ್ಕೆ ಕಾರಣ ನನ್ನ ಉದ್ದುದ್ದ ವರ್ಣನೆ!

ಗೆಳೆಯ ಮರಳಿ ಬಂದ ದಿನವೇ, ಸೇತುವೆಯಿಂದ ಹೊಳೆಗೆ ಹಾರುತ್ತೇನೆಂದ. ನೀರಿನ ಸೆಳವೆಷ್ಟು, ಬಂಡೆಗಳೆಲ್ಲಿ ಎಂದು ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರ ಹತ್ತಿರವಾದರೂ ಹಗ್ಗ ಉಂಟೇ ಎಂದು ಕೇಳಿದ.